ಮೈಕಜ್ಜಿ ಕೇಳಿದ್ದು

ಮೊದಲೇ ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಚೆನ್ನಾಗಿಲ್ಲ. ಒಂಬತ್ತನೇ ತರಗತಿಯ ನಡುವೆ ಶಾಲೆ ಬಿಟ್ಟವಳು ನಾನು. ಸಾಲು ಒಮ್ಮೆ ಮೇಲಕ್ಕೆ ಒಮ್ಮೆ ಕೆಳಕ್ಕೆ ಹೋಗುತ್ತದೆ, ದೊಡ್ಡ ಮಾತುಗಳು ಬರುವುದಿಲ್ಲ. ಊರಿನ ಯಾರಾದರೂ ಒಬ್ಬರ ಬದುಕಿನ ಬಗ್ಗೆ ಬರೆದು ತನ್ನಿ, ಗೋಡೆಗೆ ಅಂಟಿಸುತ್ತೇವೆ ಎಂದು ಗ್ರಂಥಾಲಯದ ಮೇಡಂ ಹೇಳುತ್ತಿದ್ದರು. ನನಗೆ ಹೇಳಿದ್ದಲ್ಲ, ನಾನು ಪಕ್ಕದಲ್ಲಿ ನಿಂತಿದ್ದೆ. ತಪ್ಪಾಗಬಾರದೆಂದು ಮೊದಲು ಪೆನ್ಸಿಲಿನಲ್ಲಿ ಬರೆದು, ಅಜ್ಜಿಗೆ ಓದಿ ಹೇಳಿ, ಅವಳು ಬೇಡವೆಂದದ್ದನ್ನು ಅಳಿಸಿ, ಆಮೇಲೆ ಪೆನ್ನು ಹಿಡಿದಿದ್ದೇನೆ. ಅವಳು ಬೇಡವೆಂದದ್ದು ತನ್ನ ಹೊಗಳಿಕೆ ಮಾತ್ರ.

ನನ್ನ ಅಜ್ಜಿಯನ್ನು, ಅಂದರೆ ಅಮ್ಮನ ಅಮ್ಮನನ್ನು, ಊರೆಲ್ಲ ಮೈಕಜ್ಜಿ ಎನ್ನುತ್ತದೆ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಸೈಕಲ್ ಅಂಗಡಿಗೂ ಬಟ್ಟೆ ಇಸ್ತ್ರಿ ಮಾಡುವವನ ಗೂಡಿಗೂ ನಡುವೆ ನಮ್ಮ ಅಂಗಡಿ. ಸಭೆಗಳಿಗೆ ಮೈಕು, ಹಾರ್ನು ಬಾಡಿಗೆಗೆ ಕೊಡುವುದು, ಹೋಗಿ ಕಟ್ಟಿ ನಡೆಸುವುದು ನಮ್ಮ ಕೆಲಸ. ಗೋಡೆಯ ಮೊಳೆಗಳಲ್ಲಿ ವೈರು ಸುರುಳಿ ಸುರುಳಿಯಾಗಿ ತೂಗುತ್ತದೆ. ಹಾರ್ನುಗಳು ಅಟ್ಟದ ಮೇಲೆ ಬಾಯಿ ಕೆಳಗೆ ಮಾಡಿ ಮಲಗಿವೆ. ಮೈಕಿನ ದನಿಯನ್ನು ದೊಡ್ಡದು ಮಾಡುವ ಯಂತ್ರವನ್ನು ನಾವು ಪೆಟ್ಟಿಗೆ ಎನ್ನುತ್ತೇವೆ. ಅದರ ಮೇಲೆ ಅಜ್ಜಿ ಒಂದು ಹಳೆಯ ಟವೆಲ್ ಹೊದಿಸಿರುತ್ತಾಳೆ. ಧೂಳಿಗೆ ಎನ್ನುತ್ತಾಳೆ. ಅದು ಅಜ್ಜನ ಟವೆಲ್.

ಶಾಲೆ ಬಿಟ್ಟ ಮೇಲೆ ನಾನು ಅಲ್ಲೇ ಕೂರುತ್ತೇನೆ. ತರಗತಿಯಲ್ಲಿ ಎದ್ದು ನಿಂತು ಮಾತಾಡು ಎಂದರೆ ನನ್ನ ಬಾಯಿ ಒಣಗುತ್ತಿತ್ತು. ವೈರುಗಳಿಗೆ ಬೆಸುಗೆ ಹಾಕುವಾಗ ಯಾರೂ ಏನೂ ಕೇಳುವುದಿಲ್ಲ. "ನೀನು ಮಾತಾಡೋದು ಕಡಿಮೆ, ಆದ್ರೆ ಕೇಳೋದು ಚೆನ್ನಾಗಿ ಕೇಳ್ತೀಯ. ಈ ಕೆಲಸಕ್ಕೆ ಕಿವಿ ಸಾಕು, ಪುಟ್ಟಿ" ಎಂದು ಅಜ್ಜಿ ನನ್ನನ್ನು ಇಟ್ಟುಕೊಂಡಳು.

ಅಜ್ಜಿಯ ಕಿವಿ ಅಂದರೆ ಕಿವಿ. ಎಲ್ಲಿ ತಂತಿ ಸಡಿಲವಾಗಿದೆ ಎಂದು ಮೈದಾನದ ಆ ತುದಿಯಿಂದ ಹೇಳುತ್ತಾಳೆ. ಮೈಕಿಗೆ ಯಾರೂ ಉಫ್ ಎಂದು ಊದುವಂತಿಲ್ಲ, ಉಗುರಿನಿಂದ ಮೆಲ್ಲಗೆ ತಟ್ಟಬೇಕು. ಈ ದೇಶವನ್ನು ಆಳಿದವರಲ್ಲಿ ನಮ್ಮ ಊರಿಗೆ ಬಂದವರೆಲ್ಲ ಅವಳ ಮೈಕಿನಲ್ಲೇ ಮಾತಾಡಿದ್ದು. "ಒಂದು ಗೇಣು ದೂರ ನಿಂತ್ಕೊಂಡು ಮಾತಾಡಿ ಸ್ವಾಮಿ" ಎಂದು ಎಲ್ಲರಿಗೂ ಹೇಳಿದ್ದಾಳೆ. ಸೈನ್ಯದವರು ಆಳುತ್ತಿದ್ದಾಗ ಒಬ್ಬ ಜನರಲ್ ಬಂದನಂತೆ. ಅವನು ಉಸಿರಾಡಿದರೆ ಎದೆಯ ಮೇಲಿನ ಪದಕಗಳು ಒಂದಕ್ಕೊಂದು ಬಡಿಯುತ್ತಿದ್ದವು. "ಅವನ್ನ ತೆಗೆದಿಟ್ಟು ಬನ್ನಿ, ಪಾತ್ರೆ ಅಂಗಡಿ ಉರುಳಿದ ಹಾಗೆ ಕೇಳ್ತಿದೆ" ಎಂದಳಂತೆ ಅಜ್ಜಿ. ಅವನು ನಿಜವಾಗಿಯೂ ತೆಗೆದಿಟ್ಟನಂತೆ. ಆಮೇಲೆ ಮತ ಹಾಕಿಸಿಕೊಂಡು ಬಂದ ಮಂತ್ರಿಯೊಬ್ಬರು ಮೈಕನ್ನು ಬಾಯೊಳಗೇ ಇಟ್ಟುಕೊಂಡು ಮಾತಾಡುತ್ತಿದ್ದರು. "ಅದು ತಿನ್ನೋದಲ್ಲಪ್ಪಾ" ಎಂದು ಅವರಿಗೂ ಹೇಳಿದ್ದಳು.

ಆದರೆ ಇದನ್ನೆಲ್ಲ ನಗಿಸಲಿಕ್ಕೆ ಬರೆಯುತ್ತಿಲ್ಲ. ಅಜ್ಜನ ವಿಷಯ ಹೇಳಬೇಕು.

ನಮ್ಮನ್ನು ಆಳುತ್ತಿದ್ದ ಹೊರಗಿನವರು ಬಾವುಟ ಇಳಿಸಿ ಹಡಗು ಹತ್ತಿ ಹೋದ ವರ್ಷವೇ ಅಜ್ಜಿಯ ಮದುವೆಯಾದದ್ದು. ಸ್ವಾತಂತ್ರ್ಯ ತಂದುಕೊಟ್ಟ ನಾಯಕರನ್ನು ಆಗ ಎಲ್ಲರೂ ದೊಡ್ಡವರು ಎನ್ನುತ್ತಿದ್ದರು. ಅವರ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಅಷ್ಟು ಗೌರವ. ದೊಡ್ಡವರು ನಮ್ಮ ಊರಿಗೆ ಬಂದ ಮೊದಲ ಸಲ ಅಜ್ಜನನ್ನು ಹತ್ತಿರ ಕರೆದು, "ಇಷ್ಟು ವರ್ಷ ನಮ್ಮ ಜನ ಬರೀ ಕೇಳಿಸಿಕೊಂಡಿದ್ದಾರೆ. ಅವರ ನಡುವೆಯೂ ಒಂದು ಮೈಕು ಇಡಪ್ಪಾ. ನನ್ನನ್ನು ಏನು ಬೇಕಾದರೂ ಕೇಳಲಿ" ಎಂದರಂತೆ. ಅಜ್ಜನ ಪೆಟ್ಟಿಗೆ ಹಳೆಯದು. ಎರಡು ಮೈಕು ಒಟ್ಟಿಗೆ ಹಾಕಿದರೆ ಹಾರ್ನು ಕುಯ್ಯೋ ಎಂದು ಕಿರುಚುತ್ತಿತ್ತು. ಅದಕ್ಕೆ ಅವನು ಒಂದು ಗುಂಡಿ ಕೂರಿಸಿದ. ಈ ಕಡೆ ತಿರುಗಿಸಿದರೆ ವೇದಿಕೆಯ ಮೈಕು, ಆ ಕಡೆ ತಿರುಗಿಸಿದರೆ ಜನರ ಮೈಕು. ಒಂದು ಮಾತಾಡುವಾಗ ಇನ್ನೊಂದು ಸತ್ತಿರುತ್ತದೆ. ದೊಡ್ಡವರಿಗೆ ಇದು ಬಹಳ ಇಷ್ಟವಾಗಿತ್ತು. "ನೋಡಿ, ನೀವು ಬಾಯಿ ತೆರೆದರೆ ಈ ಮಿಷನ್ನು ನನ್ನ ಬಾಯಿ ಮುಚ್ಚಿಸುತ್ತೆ!" ಎಂದು ನಗುತ್ತಿದ್ದರಂತೆ. ಅಜ್ಜಿ ಈಗಲೂ ಆ ನಗುವನ್ನು ಕೆಟ್ಟದಾಗಿ ಹೇಳುವುದಿಲ್ಲ. "ಆಗ ಒಳ್ಳೆಯವರೇ ಇದ್ರು ಕಣೇ. ಸುಳ್ಳು ಯಾಕೆ ಹೇಳ್ಲಿ" ಎನ್ನುತ್ತಾಳೆ.

ಕೆಲವು ವರ್ಷ ಹಾಗೇ ನಡೆಯಿತು. ಆಮೇಲೆ ಚುನಾವಣೆ ಮುಂದಕ್ಕೆ ಹೋಯಿತು, ಪತ್ರಿಕೆ ನಿಂತಿತು. ಸಭೆಗೆ ಬರುವ ಕಾರುಗಳ ಸಾಲು ಉದ್ದವಾಯಿತು. ಆದರೂ ಎರಡನೇ ಮೈಕು ಬೇಡವೆಂದು ಯಾರೂ ಅಜ್ಜನಿಗೆ ಹೇಳಲಿಲ್ಲ, ಅವನು ಇಡುತ್ತಲೇ ಹೋದ. ಹೊರದೇಶದ ಅತಿಥಿಗಳು ಬಂದಿದ್ದ ಒಂದು ಸಭೆಯಲ್ಲಿ ಆಸ್ಪತ್ರೆಯ ನರ್ಸ್ ಒಬ್ಬಳು ಎದ್ದು ಜನರ ಮೈಕಿನ ಮುಂದೆ ನಿಂತಳು. "ಮಕ್ಕಳ ವಾರ್ಡಿನಲ್ಲಿ ಔಷಧಿ ಇಲ್ಲ. ಈ ಕಾರುಗಳಿಗೆ ಪೆಟ್ರೋಲು ಎಲ್ಲಿಂದ ಬಂತು?" ಎಂದು ಶುರು ಮಾಡಿದಳು. ದೊಡ್ಡವರು ನಡುವೆಯೇ ಬಾಯಿ ಹಾಕಿದರು. ಆದರೆ ಗುಂಡಿ ಜನರ ಕಡೆ ಇತ್ತು. ಅವರ ಬಾಯಿ ಆಡುತ್ತಿತ್ತು, ಕೈ ಆಡುತ್ತಿತ್ತು, ಸದ್ದಿಲ್ಲ. ಪೊಲೀಸರು ಅಜ್ಜನ ಕಡೆ ಕಣ್ಣು ಕೆಕ್ಕರಿಸಿದರು. ಅಜ್ಜ ಕೈ ಎತ್ತಿ, ಅವಳ ಮಾತು ಮುಗಿಯಲಿ ಎಂಬಂತೆ ಸನ್ನೆ ಮಾಡಿ ಕಾದ. ಅವನಿಗೆ ಅದು ಕೆಲಸದ ಕ್ರಮ, ಅಷ್ಟೇ. ದೊಡ್ಡವರ ಬಾಯಿ ಮೀನಿನಂತೆ ತೆರೆದು ಮುಚ್ಚುವುದನ್ನು ಕಂಡು ಮೊದಲು ಯಾರೋ ಒಬ್ಬರು ನಕ್ಕರು, ಆಮೇಲೆ ಇಡೀ ಮೈದಾನ ನಕ್ಕಿತು.

ಮರುದಿನ ಬೆಳಿಗ್ಗೆ ಅಜ್ಜ ಅಂಗಡಿಯ ಬಾಗಿಲು ತೆಗೆಯುತ್ತಿದ್ದಾಗ ಬಂದು ಕರೆದುಕೊಂಡು ಹೋದರು. ಸೋದರಮಾವ ಆಗ ತೊದಲು ಮಾತಾಡುತ್ತಿದ್ದ, ನನ್ನ ಅಮ್ಮ ಅಜ್ಜಿಯ ಹೊಟ್ಟೆಯಲ್ಲಿದ್ದಳು. ಅಜ್ಜ ತಿರುಗಿ ಬರಲಿಲ್ಲ. ಅಜ್ಜಿ ಯಾವ ಕಚೇರಿಗೆ ಹೋದರೂ ಅಂಥ ಮನುಷ್ಯನೇ ಇಲ್ಲ ಎಂದರು. ದೊಡ್ಡವರನ್ನು ಸೈನ್ಯ ಇಳಿಸಿ ದೇಶದಿಂದ ಓಡಿಸಿದ ಮೇಲೆ ಮತ್ತೆ ಹೋದಳು. ಬೇರೆ ಸಮವಸ್ತ್ರದವರು ಅದೇ ಕುರ್ಚಿಯಲ್ಲಿ ಕೂತು ಅದೇ ಮಾತು ಹೇಳಿದರು. ಎಲ್ಲಿ ಸತ್ತ, ಎಲ್ಲಿ ಹೂಳಿದರು, ಒಂದೂ ಗೊತ್ತಾಗಲಿಲ್ಲ. ಅಜ್ಜಿಗೆ ಬೇಕಿದ್ದದ್ದು ಅಷ್ಟೇ, ಈಗಲೂ ಅಷ್ಟೇ: ಜಾಗ ಯಾವುದು?

ಹಾಗಿದ್ದರೂ ಅಜ್ಜ ಹೋದ ಮೇಲೆ, ಸೈನ್ಯ ಬರುವ ಮುಂಚಿನ ವರ್ಷಗಳಲ್ಲಿ ದೊಡ್ಡವರು ಬಂದಾಗ ಅವರಿಗೂ ಅಜ್ಜಿಯೇ ಮೈಕು ಕಟ್ಟಿದಳು. ಜನ ಆಡಿಕೊಂಡರು. ಎರಡು ಮಕ್ಕಳ ಹೊಟ್ಟೆ ತುಂಬಬೇಕಿತ್ತು ಎಂದಷ್ಟೇ ಅವಳು ಹೇಳುವುದು. ಎರಡನೇ ಮೈಕನ್ನು ಮಾತ್ರ ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟಳು.

ಈ ಬೇಸಿಗೆಯಲ್ಲಿ ಪುರಸಭೆಯ ಅಧ್ಯಕ್ಷೆ ನಮ್ಮ ಅಂಗಡಿಗೆ ಬಂದರು. ಅವರು ನನ್ನ ಅಮ್ಮನಿಗಿಂತ ಚಿಕ್ಕವರು, ಯಾವಾಗಲೂ ಅವಸರ. ನಿಂತುಕೊಂಡೇ ಮಾತಾಡಿದರು.

"ಅಜ್ಜೀ, ದೊಡ್ಡವರನ್ನ ದೇಶಕ್ಕೆ ವಾಪಸ್ ಬರೋಕೆ ಬಿಟ್ಟಿದಾರೆ, ಗೊತ್ತಲ್ಲ? ನಮ್ಮ ಪುರಭವನದಲ್ಲಿ ಒಂದು ಸಣ್ಣ ಸಭೆ. ಭಾಷಣ ಅಲ್ಲ, ಹಳೇ ನೆನಪು ಹೇಳ್ತಾರೆ. ಮೈಕಿಗೆ ಬೇರೆ ಯಾರೂ ಒಪ್ತಿಲ್ಲ. ಸರ್ಕಾರ ಎಲ್ಲಿ ಮುನಿಸ್ಕೊಳ್ಳುತ್ತೋ ಅಂತ ಹೆದರ್ತಾರೆ."

"ನಾನು ಹೆದರಲ್ಲ ಅಂತ ಬಂದ್ಯೋ, ನನಗೆ ಮರೆತುಹೋಗಿದೆ ಅಂತ ಬಂದ್ಯೋ?"

ಅಧ್ಯಕ್ಷೆ ನೆಲ ನೋಡಿದರು. "ಬೇಡ ಅಂದ್ರೆ ಬೇಡ ಅಜ್ಜಿ. ಒತ್ತಾಯ ಇಲ್ಲ."

ಅಜ್ಜಿ ಟವೆಲಿನ ಅಂಚನ್ನು ಸರಿ ಮಾಡಿದಳು. ಮತ್ತೆ ಮತ್ತೆ ಸರಿ ಮಾಡಿದಳು.

"ಕಟ್ತೀನಿ. ಜನರ ನಡುವೆ ಒಂದು ಮೈಕು ಇಡ್ತೀನಿ, ಮೊದಲು ಇಡ್ತಿದ್ದ ಹಾಗೆ. ಬೇಡ ಅನ್ನಬಾರದು."

"ಪ್ರಶ್ನೆ ಗಿಶ್ನೆ ಅಂತ ಗಲಾಟೆ ಆದ್ರೆ..."

"ಒಂದೇ ಪ್ರಶ್ನೆ ಮಗಾ. ನಂದೇ."

ಸುದ್ದಿ ಗೋಡೆ ದಾಟಿ ಪಕ್ಕದ ಸೈಕಲ್ ಅಂಗಡಿಗೆ ಹೋಯಿತು. ಅದು ನನ್ನ ಸೋದರಮಾವನದು. ಮಾವ ಕೈಯ ಗ್ರೀಸನ್ನೂ ಒರೆಸದೆ ಬಂದ.

"ಅಪ್ಪನ್ನ ತಿಂದು ನೀರು ಕುಡಿದವನಿಗೆ ಇನ್ನೊಂದು ಸಲ ಮೈಕು ಹಿಡೀತೀಯಾ? ನಿಂಗೇನು ಮಾನ ಮರ್ಯಾದೆ ಇಲ್ವೇನಮ್ಮಾ?"

"ಇದೆ. ಆದ್ರೆ ಮಾನ ಮರ್ಯಾದೆನ ಕೇಳಿದ್ರೆ ಅದು ಜಾಗ ಹೇಳಲ್ಲ."

"ಅವನು ಹೇಳ್ತಾನಾ? ಹೊರಗಿನವರು ಕಟ್ಟಿದ ಜೈಲಿಗೆ ನಮ್ಮವರನ್ನ ತುಂಬಿದವನು ಅವನು. ಬೀಗ ಕೂಡ ಹೊಸದು ಹಾಕಲಿಲ್ಲ."

"ಹೇಳದಿದ್ರೆ ಬೇಡ. ನಾನು ಕೇಳಲೇ ಇಲ್ಲ ಅಂತ ಆಗಬಾರದು. ನೀನು ಹಾರ್ನು ಹೊರಬೇಡ, ಪುಟ್ಟಿ ಹೊರ್ತಾಳೆ. ಹೋಗು, ಕೈ ತೊಳ್ಕೋ. ಬಾಗಿಲಿಗೆಲ್ಲ ಗ್ರೀಸು."

ತೊಂದರೆ ಒಂದಿತ್ತು. ನಮ್ಮದು ಈಗಲೂ ಅಜ್ಜನ ಅದೇ ಪೆಟ್ಟಿಗೆ. ಗುಂಡಿಯ ಹತ್ತಿರ ಕೂತವರು ಎದ್ದು ಹೋಗಿ ಮಾತಾಡುವಂತಿಲ್ಲ. ಇಷ್ಟು ವರ್ಷದಲ್ಲಿ ಅಜ್ಜಿ ಮೈಕಿನಲ್ಲಿ ಹೇಳಿದ್ದು "ಹಲೋ, ಒಂದು, ಎರಡು" ಅಷ್ಟೇ. ಮೈಕು ಕಟ್ಟುವವರು ಮೈಕಿನಲ್ಲಿ ಮಾತಾಡಬಾರದು ಎಂದು ಅಜ್ಜ ಹೇಳುತ್ತಿದ್ದನಂತೆ. ಊಟ ಬಡಿಸುವವರು ಮೊದಲು ಉಣ್ಣುವಂತಿಲ್ಲವಲ್ಲ, ಹಾಗೆ. ಆದ್ದರಿಂದ ಆ ದಿನ ಗುಂಡಿ ನನ್ನ ಕೈಗೆ ಬಂತು. ಎರಡನೇ ಮೈಕನ್ನು ಬಟ್ಟೆ ಬಿಚ್ಚಿ ತೆಗೆದು, ಒಳಗಿನ ತಂತಿ ಬದಲಾಯಿಸಿದೆ. ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಹಾಕಿಕೊಂಡು ಅಭ್ಯಾಸ ಮಾಡಿದೆವು. ಅಜ್ಜಿ ಇಸ್ತ್ರಿ ಮಾಡುವವನ ಗೂಡಿನ ಕಡೆ ಮುಖ ಮಾಡಿ ನಿಂತು, "ಸ್ವಾಮಿ, ನಾನು ಇಂಥವರ ಹೆಂಡತಿ, ಇಂಥ ವರ್ಷ..." ಎಂದು ಶುರು ಮಾಡುವಳು, ತಡವರಿಸುವಳು.

"ಉದ್ದ ಆಯ್ತಾ ಪುಟ್ಟಿ?"

"ಸ್ವಲ್ಪ."

"ಯಾವುದು ತೆಗೀಲಿ?"

ನನಗೆ ಹೇಳಲಿಕ್ಕೆ ಮನಸ್ಸಾಗಲಿಲ್ಲ. ಎಲ್ಲವೂ ಇರಬೇಕಾದದ್ದೇ. ದಿನ ಕಳೆದಂತೆ ಅವಳೇ ಒಂದೊಂದನ್ನು ತೆಗೆದಳು. ಮೊದಲು ನರ್ಸನ್ನು ತೆಗೆದಳು, ಆಮೇಲೆ ನಗುವನ್ನು, ಆಮೇಲೆ ಕಚೇರಿಗಳಿಗೆ ಅಲೆದದ್ದನ್ನು. ಗೂಡಿನವನು ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು, "ಅಜ್ಜೀ, ಇವತ್ತು ನಿನ್ನೆಗಿಂತ ಚೆನ್ನಾಗಿ ಬಂತು" ಎಂದ. "ನೀನು ಬಟ್ಟೆ ಸುಡಬೇಡ, ಆ ಕಡೆ ನೋಡು" ಎಂದಳು.

ಸಭೆಯ ದಿನ ಸಂಜೆ ಬಿಸಿಲು ಪುರಭವನದ ಎತ್ತರದ ಕಿಟಕಿಗಳಿಂದ ಬೆಂಚುಗಳ ಮೇಲೆ ಬಿದ್ದಿತ್ತು. ವೇದಿಕೆಯ ಹಿಂದಿನ ಗೋಡೆಯಲ್ಲಿ ಹೊರಗಿನವರ ರಾಜನ ಪಟ ಇದ್ದ ಜಾಗ ಇನ್ನೂ ಬಣ್ಣ ಬೇರೆಯಾಗಿಯೇ ಇದೆ. ಆ ಜಾಗದಲ್ಲಿ ಒಬ್ಬರಾದ ಮೇಲೊಬ್ಬರ ಪಟ ಹಾಕಿ ತೆಗೆದಿದ್ದಾರೆ, ಈಗ ಗಡಿಯಾರ ಇದೆ. ಜನ ತುಂಬಿದ್ದರು. ಪೆಟ್ಟಿಗೆಯ ಹತ್ತಿರ ನಾನು ಕೂತಿದ್ದೆ. ಬಾಯಿ ಒಣಗಿತ್ತು, ಆದರೆ ನನ್ನ ಬಾಯಿಂದ ಯಾರಿಗೂ ಏನೂ ಬೇಕಿರಲಿಲ್ಲ, ಅದೇ ಸಮಾಧಾನ. ಬರುವುದೇ ಇಲ್ಲ ಎಂದಿದ್ದ ಮಾವ ಕೊನೆಯ ಬೆಂಚಿನಲ್ಲಿ ಕೈಕಟ್ಟಿ ಕೂತಿದ್ದ.

ದೊಡ್ಡವರನ್ನು ಇಬ್ಬರು ತೋಳು ಹಿಡಿದು ಕರೆತಂದರು. ನಾನು ಅವರನ್ನು ಕಂಡದ್ದು ಹಳೆಯ ಹಣದ ನೋಟುಗಳ ಮೇಲಿನ ಚಿತ್ರದಲ್ಲಿ. ಅದರಲ್ಲಿ ಎದೆ ಅಗಲ ಇತ್ತು. ಈಗ ಅಂಗಿಯ ಕಾಲರಿನೊಳಗೆ ಕತ್ತು ತೇಲುತ್ತಿತ್ತು. ಅಜ್ಜಿ ಎಂದಿನಂತೆ ಹೋಗಿ ಮೈಕಿನ ಕಂಬ ತಗ್ಗಿಸಿ, "ಒಂದು ಗೇಣು ದೂರ" ಎಂದಳು. ನಂತರ ಅವರ ದನಿ ಕ್ಷೀಣವಾಗಿದ್ದನ್ನು ಕೇಳಿ ವಾಪಸ್ ಹೋಗಿ, "ಇಲ್ಲ ಬಿಡಿ, ಹತ್ತಿರವೇ ಇರಲಿ" ಎಂದು ಮೈಕನ್ನು ಅವರ ಬಾಯಿಯ ಹತ್ತಿರ ಸರಿಸಿದಳು. ನನ್ನ ಕಣ್ಣಿಗೆ ಏನೋ ಆಯಿತು. ಅವಳು ಅವರಿಗೆ ಹಾಗೆ ಮಾಡಬೇಕಾಗಿರಲಿಲ್ಲ.

ಅವರು ಸ್ವಾತಂತ್ರ್ಯದ ದಿನದ ಮಳೆ, ಒದ್ದೆಯಾದ ಬಾವುಟ, ಕುಣಿದ ಜನ ಎಲ್ಲ ಹೇಳಿದರು. ಜನ ಚಪ್ಪಾಳೆ ತಟ್ಟಿದರು. ಆಗ ಅಜ್ಜಿ ಜನರ ಮೈಕಿನ ಮುಂದೆ ಬಂದು ನಿಂತಳು. ನಾನು ಗುಂಡಿ ತಿರುಗಿಸಿದೆ. ಅವಳು ಉಗುರಿನಿಂದ ಮೆಲ್ಲಗೆ ತಟ್ಟಿದಳು. ಭವನವೆಲ್ಲ ಟಕ್ ಎಂದಿತು.

"ಸ್ವಾಮಿ, ನಿಮಗೆ ಈ ಎರಡನೇ ಮೈಕು ಇಟ್ಟುಕೊಟ್ಟವನ ಹೆಂಡತಿ ನಾನು. ಅವರನ್ನ ಎಲ್ಲಿ ಹೂಳಿದ್ರಿ?"

ಅಷ್ಟೇ. ಉಳಿದದ್ದನ್ನೆಲ್ಲ ತೆಗೆದಿದ್ದಳು.

ಎಲ್ಲರೂ ಅಜ್ಜಿಯ ಕಡೆ ತಿರುಗಿದರು. ನಾನೂ ಅಜ್ಜಿಯ ಮುಖವನ್ನೇ ನೋಡುತ್ತ ಕೈಯ ಕೆಲಸ ಮರೆತೆ. ದೊಡ್ಡವರ ತುಟಿ ಆಡತೊಡಗಿತು. ಸದ್ದಿಲ್ಲ. ಗುಂಡಿ ಇನ್ನೂ ಜನರ ಕಡೆಯೇ ಇತ್ತು. ಹಿಂದೆ ಏನಾಗಿತ್ತೆಂದು ಊರಿನ ಹಿರಿಯರಿಗೆಲ್ಲ ಗೊತ್ತು. ಯಾರೂ ನಗಲಿಲ್ಲ. ಅಜ್ಜಿ ಮೈಕಿನಲ್ಲೇ, "ತಾಳಿ ಸ್ವಾಮಿ, ನಮ್ಮ ಹುಡುಗಿ ಹೊಸಬಳು, ಗುಂಡಿ ತಿರುಗಿಸ್ಲಿ" ಎಂದಳು. ಆ ಮನುಷ್ಯ ಬಾಯಿ ಮುಚ್ಚಿ, ತಲೆ ಆಡಿಸಿ, ಕಾದರು. ನಾನು ಗುಂಡಿಯನ್ನು ವೇದಿಕೆಯ ಕಡೆ ತಿರುಗಿಸಿದೆ.

"ಗೊತ್ತಿಲ್ಲಮ್ಮ" ಎಂದರು ಅವರು. "ದಿನಾ ಕಾಗದ ಬರುತ್ತಿದ್ದವು. ಕೆಳಗೆ ಸಹಿ ಹಾಕುತ್ತಿದ್ದೆ. ಆಮೇಲೆ ಆ ಜನ ಏನಾದರು ಅಂತ ನಾನು ಕೇಳಲಿಲ್ಲ. ಕೇಳಿದರೆ ಯಾರಾದರೂ ಹೇಳಿಬಿಡುತ್ತಾರೆ ಅಂತ ಭಯ ಇತ್ತು. ನಿಮ್ಮ ಯಜಮಾನರ ಹೆಸರು ಕೂಡ ನನಗೆ ನೆನಪಿಲ್ಲ. ತಪ್ಪಾಯಿತು ಅಂತ ಹೇಳೋಕೂ ನನಗೆ ಮುಖ ಇಲ್ಲ."

ಮಾವ ಹಿಂದಿನಿಂದ ಎದ್ದು ನಿಂತದ್ದನ್ನು ಕಂಡೆ. ಏನು ಮಾಡುತ್ತಾನೋ ಎಂದು ಹೆದರಿದೆ. ನಾನು ಗುಂಡಿಯನ್ನು ಅಜ್ಜಿಯ ಕಡೆ ತಿರುಗಿಸಿದೆ.

"ಆಯ್ತು" ಎಂದಳು ಅವಳು. "ಇಷ್ಟು ವರ್ಷ ಎಲ್ಲರೂ ಅಂಥ ಮನುಷ್ಯನೇ ಇಲ್ಲ ಅಂದ್ರು. ಇದ್ರು, ಆದ್ರೆ ಎಲ್ಲಿ ಅಂತ ಗೊತ್ತಿಲ್ಲ ಅಂತ ನೀವು ಒಬ್ಬರಾದ್ರೂ ಹೇಳಿದ್ರಲ್ಲ." ಮೈಕನ್ನು ಬಿಟ್ಟು ತಿರುಗಿದಳು, ಆದರೆ ಎಲ್ಲಿಗೆ ಹೋಗಬೇಕೆಂದು ತಿಳಿಯದವಳ ಹಾಗೆ ಅಲ್ಲೇ ನಿಂತಳು.

ಆಗ ನಡುವಿನ ಬೆಂಚಿನಿಂದ ಒಬ್ಬ ಮುದುಕ ಎದ್ದ. ಊರಿನವರು ಅವನನ್ನು ಸೌಟು ಎನ್ನುತ್ತಾರೆ. ಹಿಂದೆ ಸರ್ಕಾರದ ಅಡುಗೆಮನೆಯಲ್ಲಿದ್ದ ಎಂದಷ್ಟೇ ನಮಗೆ ಗೊತ್ತಿತ್ತು. ಯಾವ ಅಡುಗೆಮನೆ ಎಂದು ಅವನು ಹೇಳಿರಲಿಲ್ಲ, ನಾವು ಕೇಳಿರಲಿಲ್ಲ. ಅವನು ಬೆಂಚುಗಳನ್ನು ಹಿಡಿದುಕೊಂಡು ಬಂದು ಜನರ ಮೈಕಿನ ಮುಂದೆ ನಿಂತ. ಮೈಕಿಗಿಂತ ಅವನು ಬಹಳ ಎತ್ತರ. ಅಜ್ಜಿ ತನಗೇ ಗೊತ್ತಿಲ್ಲದಂತೆ ಕೈಚಾಚಿ ಕಂಬವನ್ನು ಅವನ ಎತ್ತರಕ್ಕೆ ಏರಿಸಿದಳು.

"ಅಕ್ಕಾ, ನನಗೆ ಗೊತ್ತು" ಎಂದ. "ನಾನು ಸುಣ್ಣದ ಗೂಡಿನ ಹತ್ತಿರದ ಜೈಲಲ್ಲಿ ಅಡುಗೆಯವನಾಗಿದ್ದೆ. ಬಾಯಿ ಬಿಟ್ರೆ ನಿನ್ನನ್ನೂ ಒಳಗೆ ಹಾಕ್ತೀವಿ ಅಂದಿದ್ರು. ಹಾಗಂದವರು ಹೋದ್ರು, ಆಮೇಲೆ ಬಂದವರೂ ಹೋದ್ರು, ಭಯ ಮಾತ್ರ ಹೋಗಲಿಲ್ಲ. ದೊಡ್ಡವರೇ ಗೊತ್ತಿಲ್ಲ ಅಂದ ಮೇಲೆ ಇನ್ನು ಯಾರ ಭಯ?"

ಅಜ್ಜಿ ಅವನ ತೋಳನ್ನು ಹಿಡಿದಳು.

"ಅವರಿಗೆ ಜ್ವರ ಬಂದಿತ್ತು ಅಕ್ಕಾ, ಅದರಲ್ಲೇ ಹೋದ್ರು. ಎಂಟು ಹತ್ತು ದಿನ ಇರಬೇಕು. ನಾನು ಬಿಸಿನೀರು ಕೊಡ್ತಿದ್ದೆ. ಒಳ್ಳೇ ಮನುಷ್ಯ. ಜೈಲರನ ರೇಡಿಯೋ ರಿಪೇರಿ ಮಾಡಿಕೊಟ್ಟಿದ್ರು. ತಟ್ಟೆ ತಂದಿಟ್ರೆ ಅದಕ್ಕೆ ಬೆರಳಲ್ಲಿ ತಟ್ಟಿ, ಹಲೋ, ಒಂದು, ಎರಡು, ಊಟ ಬಂದಿದೆ ಅಂತ ಎಲ್ಲರನ್ನೂ ನಗಿಸ್ತಿದ್ರು. ಹೊಟ್ಟೆಯಲ್ಲಿ ಒಂದು ಮಗು ಇದೆ, ಹುಡುಗಿ ಆದ್ರೆ ಚೆನ್ನಾಗಿತ್ತು ಅಂತಿದ್ರು. ಬಾವಿ ಹಿಂದೆ, ಪೂರ್ವದ ಗೋಡೆ ಪಕ್ಕ. ನಾನೇ ಹಳ್ಳ ತೋಡಿದ್ದು. ಒಂದು ಅರೆಯುವ ಕಲ್ಲು ಒಡೆದಿತ್ತು, ಅದನ್ನ ತಲೆ ಕಡೆ ನಿಲ್ಲಿಸಿದ್ದೀನಿ."

"ಹುಡುಗೀನೇ ಆಯ್ತು" ಎಂದಳು ಅಜ್ಜಿ. ಮೈಕು ಹತ್ತಿರವಿದ್ದುದರಿಂದ ಭವನಕ್ಕೆಲ್ಲ ಕೇಳಿಸಿತು. "ಕೊನೆಗೆ ಒಬ್ಬರೇ ಇದ್ರಾ?"

"ಇಲ್ಲ ಅಕ್ಕಾ. ನಾನಿದ್ದೆ."

ಅಜ್ಜಿ ಅವನ ತೋಳಿಗೆ ಹಣೆ ಒತ್ತಿ ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಮಾವ ಬಂದವನು ಇಬ್ಬರ ಹತ್ತಿರ ನಿಂತ. ಕೈ ಎಲ್ಲಿಡಬೇಕೆಂದು ಅವನಿಗೂ ತಿಳಿಯಲಿಲ್ಲ. ಕೊನೆಗೆ ಸೌಟಿನ ಬೆನ್ನ ಮೇಲೆ ಇಟ್ಟ. ನನ್ನ ಅಮ್ಮ ಆ ದಿನ ಹೊಲಿಗೆ ಕಾರ್ಖಾನೆಯಲ್ಲಿ ಪಾಳಿಯಲ್ಲಿದ್ದಳು. "ನಮ್ಮಪ್ಪ ಹುಡುಗಿ ಬೇಕು ಅಂತಿದ್ರಂತಾ?" ಎಂದು ಕೇಳಿ ಈಗ ನಿತ್ಯ ಒಂದು ಸಲವಾದರೂ ಹೇಳಿಸಿಕೊಳ್ಳುತ್ತಾಳೆ. ನಾನು ಪೂರ್ತಿ ಹೇಳುತ್ತೇನೆ, ಒಂದು ಮಾತೂ ಬಿಡದೆ.

ದೊಡ್ಡವರು ಏನಾದರು ಎಂದು ಕೇಳಬಹುದು. ಅವರು ವೇದಿಕೆಯ ಮೇಲೆ ಕೂತೇ ಇದ್ದರು. ಜನ ಹೋಗುವಾಗ ಕೆಲವರು ಅವರಿಗೆ ಕೈಮುಗಿದರು, ಕೆಲವರು ಮುಖ ತಿರುಗಿಸಿದರು. ಅಜ್ಜಿ ವೈರು ಸುತ್ತುತ್ತ ಅವರ ಕಾಲ ಬಳಿ ಬಂದಾಗ ಅವರು, "ಹೆಸರು ಹೇಳಮ್ಮಾ" ಎಂದರು. ಅಜ್ಜಿ ಹೇಳಿದಳು. ಅವರು ಅದನ್ನು ಮೆಲ್ಲಗೆ ತಿರುಗಿ ಹೇಳಿದರು. "ಕಾಲು ಎತ್ತಿ, ವೈರು ಸಿಕ್ಕಿಹಾಕಿಕೊಂಡಿದೆ" ಎಂದಳು ಅಜ್ಜಿ. ಅವರು ಎತ್ತಿದರು. ಕ್ಷಮಿಸಿದೆಯಾ ಎಂದು ನಾನು ಮನೆಗೆ ಬಂದ ಮೇಲೆ ಕೇಳಿದೆ. "ಅದೆಲ್ಲ ದೊಡ್ಡ ಮಾತು. ನಂಗೆ ಜಾಗ ಗೊತ್ತಾಯ್ತು" ಎಂದಳು.

ಆ ಜೈಲು ಈಗ ಜೈಲಲ್ಲ, ಸರ್ಕಾರದ ಧಾನ್ಯದ ಉಗ್ರಾಣವಂತೆ. ಅಧ್ಯಕ್ಷೆ ಫೋನು ಮಾಡಿ ವಿಚಾರಿಸಿದರು. ಬಾವಿ ಇದೆಯಂತೆ, ಗೋಡೆ ಇದೆಯಂತೆ. ಕಲ್ಲಿನ ವಿಷಯ ಯಾರಿಗೂ ಗೊತ್ತಿಲ್ಲ. ಒಳಗೆ ಬಿಡುವುದು ಬಿಡದಿರುವುದು ಬಾಗಿಲ ಕಾವಲುಗಾರನ ಮೇಲೆ ಎಂದರಂತೆ. ಮಾವನಿಗೆ ಬೇಗ ಸಿಟ್ಟು ಬರುತ್ತದೆ, ಸೌಟು ಇನ್ನೂ ಸಮವಸ್ತ್ರ ಕಂಡರೆ ರಸ್ತೆ ದಾಟಿಬಿಡುತ್ತಾನೆ, ಅಮ್ಮ ಅಳುತ್ತಾಳೆ. ಅಜ್ಜಿಗೆ ಅಲ್ಲಿ ತಲುಪಿದ ಮೇಲೆ ಮಾತು ಬರುತ್ತದೋ ಇಲ್ಲವೋ.

ನಾಡಿದ್ದು ಬೆಳಗಿನ ಬಸ್ಸಿಗೆ ಎಲ್ಲರೂ ಹೋಗುತ್ತಿದ್ದೇವೆ. ಕಾವಲುಗಾರನ ಹತ್ತಿರ ನಾನು ಮಾತಾಡುತ್ತೇನೆ.